ಬೆಂಗಳೂರಿನ ಬೆಟ್ಟಗಳೂ ಭಾನುವಾರದ ಪ್ರವಾಸಿಗರೂ

ಭಾನುವಾರದ ನಸುಕಿನಲ್ಲಿ, ಬೀದಿಯ ದೀಪಗಳು ಆರುವುದಕ್ಕೆ ಮೊದಲೇ, ಬೆಂಗಳೂರಿನಿಂದ ಬಳ್ಳಾರಿ ರಸ್ತೆ, ಮಾಗಡಿ ರಸ್ತೆ, ಕನಕಪುರದ ರಸ್ತೆಗಳನ್ನು ಹಿಡಿದು ಹೊರಡುವ ಕಾರು ಬೈಕುಗಳ ಸಾಲನ್ನು ನಮ್ಮ ವಾಚಕರಲ್ಲಿ ಕಾಣದವರು ವಿರಳ. ವಾರವೆಲ್ಲ ಗೋಡೆಗಳ ನಡುವೆ ದುಡಿದ ನಗರವಾಸಿಯು ಬಿಡುವಿನ ದಿನದಲ್ಲಿ ಬೆಟ್ಟವನ್ನೂ ಕಾಡನ್ನೂ ಹೊಳೆಯನ್ನೂ ಹುಡುಕಿಕೊಂಡು ಹೋಗುತ್ತಿರುವನು. ಹಿರಿಯರಲ್ಲಿ ಕೆಲವರು ಇದನ್ನು ದುಂದುವೆಚ್ಚವೆಂದು ಹಳಿಯುತ್ತಾರೆ. ಅಧಿಕಾರಿವರ್ಗದವರಲ್ಲಿ ಅನೇಕರು ಇದನ್ನು ಒಂದು ಉಪದ್ರವವೆಂದೆಣಿಸಿ, ಗೇಟು ಹಾಕಿ ಬೀಗ ಜಡಿಯುವುದೇ ತಕ್ಕ ಉಪಾಯವೆಂದು ಭಾವಿಸುತ್ತಾರೆ. ಈ ಎರಡು ಅಭಿಪ್ರಾಯಗಳನ್ನೂ ನಾವು ಒಪ್ಪಲಾರೆವು. ಈ ಸಂಚಾರದಲ್ಲಿ ದೋಷಗಳು ಹಲವಿವೆ, ಅವನ್ನು ಮುಂದೆ ಹೇಳುವೆವು. ಆದರೆ ತನ್ನ ನಾಡಿನ ಬೆಟ್ಟಗಳನ್ನು ಹತ್ತದ ಜನವು ಅವುಗಳನ್ನು ಕಾಪಾಡುವ ಜನವೂ ಆಗಲಾರದೆಂಬುದು ನಮ್ಮ ದೃಢವಾದ ನಂಬಿಕೆ. ಆ ಕಾರಣದಿಂದಲೇ ಈ ವಿಷಯವನ್ನು ಕೇವಲ ವಿನೋದದ ಮಾತೆಂದು ತಳ್ಳಿಹಾಕದೆ ಮಹಾಜನರ ಮುಂದೆ ಇಡುತ್ತಿರುವೆವು.

ಬೆಂಗಳೂರಿಗೆ ಸಮುದ್ರವಿಲ್ಲ, ದೊಡ್ಡ ನದಿಯೂ ಇಲ್ಲ. ಆದರೆ ಅರ್ಧ ದಿನದ ಹಾದಿಯೊಳಗೆ ಈ ನಗರಕ್ಕಿರುವಷ್ಟು ಗಿರಿದುರ್ಗಗಳು ಬೇರೆ ಯಾವ ನಗರಕ್ಕೆ ಉಂಟು? ಉತ್ತರದಲ್ಲಿ ಸುಮಾರು 60 ಕಿಲೋಮೀಟರು ದೂರದಲ್ಲಿ, ಸಮುದ್ರ ಮಟ್ಟದಿಂದ 1478 ಮೀಟರು ಎತ್ತರವಾದ ನಂದಿಬೆಟ್ಟ. ಅದರ ನೆರೆಯಲ್ಲಿಯೇ ಕಳವಾರದುರ್ಗವೆಂದು ಹೆಸರಾದ ಸ್ಕಂದಗಿರಿ. ದೊಡ್ಡಬಳ್ಳಾಪುರದ ಆಚೆಗೆ ಮಾಕಳಿದುರ್ಗ. ಪಶ್ಚಿಮದಲ್ಲಿ ಶಿವಗಂಗೆ ಮತ್ತು ಸಾವನದುರ್ಗ. ಮೈಸೂರಿನ ದಾರಿಯಲ್ಲಿ ರಾಮನಗರದ ರಾಮದೇವರ ಬೆಟ್ಟ. ದಕ್ಷಿಣದಲ್ಲಿ ಅರ್ಕಾವತಿಯು ಕಾವೇರಿಯನ್ನು ಸೇರುವ ಸಂಗಮ, ಅದಕ್ಕೆ ಮುಂದೆ ಮೇಕೆದಾಟು. ಇವೆಲ್ಲವೂ ಬೆಳಗ್ಗೆ ಹೊರಟವನು ಸಂಜೆಯ ದೀಪದ ಹೊತ್ತಿಗೆ ಮನೆ ಸೇರಬಹುದಾದ ಸ್ಥಳಗಳು.

ಈ ಬೆಟ್ಟಗಳು ಬರಿಯ ಕಲ್ಲಿನ ರಾಶಿಗಳಲ್ಲ. ರಾಮನಗರ, ಸಾವನದುರ್ಗಗಳ ಬಂಡೆಗಳು ಸುಮಾರು 250 ಕೋಟಿ ವರ್ಷಗಳಷ್ಟು ಹಳೆಯವು. ರಾಮನಗರಕ್ಕೆ ಹಿಂದೆ ಕ್ಲೋಸ್‌ಪೇಟೆಯೆಂಬ ಹೆಸರಿದ್ದುದರಿಂದ ಈ ಶಿಲೆಯನ್ನು ಲೋಕದ ಭೂವಿಜ್ಞಾನಿಗಳೆಲ್ಲರೂ ಇಂದಿಗೂ ಕ್ಲೋಸ್‌ಪೇಟೆ ಗ್ರಾನೈಟು ಎಂದೇ ಕರೆಯುತ್ತಾರೆ. ಬಿಸಿಲಿಗೆ ಹಿಗ್ಗಿ ಚಳಿಗೆ ಕುಗ್ಗಿ, ಈರುಳ್ಳಿಯ ಸಿಪ್ಪೆಯಂತೆ ಪದರು ಪದರಾಗಿ ಕಳಚಿಕೊಂಡು ಈ ಗುಡ್ಡಗಳಿಗೆ ಆ ಗುಂಡನೆಯ ಬೋಳುತಲೆಯು ಬಂದಿತು. ಸಾವನದುರ್ಗವು ಏಷ್ಯಾಖಂಡದ ಅತಿ ದೊಡ್ಡ ಏಕಶಿಲೆಯ ಬೆಟ್ಟಗಳಲ್ಲಿ ಒಂದು. ಮಾಗಡಿಯ ಕೆಂಪೇಗೌಡರ ವಂಶದವರ ಕೋಟೆಯಾಗಿದ್ದ ಅದು 1728ರಲ್ಲಿ ಮೈಸೂರಿನ ವಶವಾಯಿತು. 1791ನೆಯ ಇಸವಿಯ ಅಕ್ಟೋಬರಿನಲ್ಲಿ ನಂದಿಯನ್ನೂ ಡಿಸೆಂಬರಿನಲ್ಲಿ ಸಾವನದುರ್ಗವನ್ನೂ ಕಾರ್ನ್‌ವಾಲೀಸನ ಸೈನ್ಯವು ಟಿಪ್ಪೂ ಸುಲ್ತಾನನಿಂದ ಕಿತ್ತುಕೊಂಡಿತು. ಅದೇ ನಂದಿಯಲ್ಲಿ 1927ರಲ್ಲಿ ಮಹಾತ್ಮಾ ಗಾಂಧಿಯವರು ದೇಹಾಲಸ್ಯದಿಂದ ಚೇತರಿಸಿಕೊಳ್ಳುವುದಕ್ಕಾಗಿ ಕೆಲವು ವಾರಗಳ ಕಾಲ ತಂಗಿದ್ದರು. 1936ರಲ್ಲಿ ಮತ್ತೊಮ್ಮೆ ಬಂದರು. ಇಷ್ಟು ಚರಿತ್ರೆಯ ಮೇಲೆ ಕಾಲಿಟ್ಟು ನಿಂತ ತರುಣನು ಅದರಲ್ಲಿ ಒಂದನ್ನೂ ತಿಳಿಯದೆ, ಸೂರ್ಯೋದಯದ ಒಂದು ಚಿತ್ರವನ್ನು ಮೊಬೈಲ್ ಫೋನಿನಲ್ಲಿ ಹಿಡಿದುಕೊಂಡು ಇಳಿದು ಬರುವನೆಂದರೆ ತಪ್ಪು ಅವನೊಬ್ಬನದೇ ಅಲ್ಲ. ತಿಳಿಸಬೇಕಾದವರು ತಿಳಿಸಲಿಲ್ಲ.

ಇದಕ್ಕಿಂತಲೂ ಮುಖ್ಯವಾದ ಮಾತೊಂದಿದೆ. ಅರ್ಕಾವತಿಯು ಹುಟ್ಟುವುದು ನಂದಿಯ ಸೀಮೆಯಲ್ಲಿ. ಅದರ ಉಪನದಿಯಾದ ಕುಮುದ್ವತಿಯು ಹುಟ್ಟುವುದು ಶಿವಗಂಗೆಯಲ್ಲಿ. ಅರ್ಕಾವತಿಗೆ ಕಟ್ಟಿದ ಹೆಸರುಘಟ್ಟದ ಕೆರೆಯಿಂದ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬೆಂಗಳೂರಿಗೆ ಮೊದಲ ಬಾರಿಗೆ ಕೊಳಾಯಿಯ ನೀರು ಬಂದಿತು. ಎರಡು ನದಿಗಳೂ ಕೂಡುವ ತಿಪ್ಪಗೊಂಡನಹಳ್ಳಿಯಲ್ಲಿ 1933ರಲ್ಲಿ ಚಾಮರಾಜಸಾಗರವು ಸಿದ್ಧವಾಯಿತು. ನಮ್ಮ ತಾತಂದಿರು ಕುಡಿದ ನೀರು ಈ ಬೆಟ್ಟಗಳ ತಪ್ಪಲಿನಿಂದ ಹರಿದು ಬಂದುದು. ಇಂದು ಆ ಜಲಾಶಯಗಳ ಮೇಲೆ ನಗರಕ್ಕೆ ಭರವಸೆಯಿಲ್ಲ. 1974ರಿಂದ ಈಚೆಗೆ ಸುಮಾರು 100 ಕಿಲೋಮೀಟರು ದೂರದ ಕಾವೇರಿಯಿಂದ ಅಪಾರ ವಿದ್ಯುಚ್ಛಕ್ತಿಯನ್ನು ವ್ಯಯಮಾಡಿ ನೀರನ್ನು ಮೇಲಕ್ಕೆತ್ತಿ ತರುತ್ತಿರುವೆವು. ಜಲಾನಯನ ಪ್ರದೇಶದಲ್ಲಿ ಬಡಾವಣೆಗಳೂ ಕಾರ್ಖಾನೆಗಳೂ ಎದ್ದವು, ಕಾಲುವೆಗಳು ಮುಚ್ಚಿಹೋದವು, ಕೊಳವೆ ಬಾವಿಗಳು ಭೂಗರ್ಭದ ನೀರನ್ನು ಹೀರಿದವು. ತಿಪ್ಪಗೊಂಡನಹಳ್ಳಿಯ ಜಲಾನಯನವನ್ನು ರಕ್ಷಿಸುವುದಕ್ಕಾಗಿ ಸರಕಾರದವರು 2003ರಲ್ಲಿ ಆಜ್ಞೆ ಹೊರಡಿಸಿದುದುಂಟು. ಆದರೆ ಆಜ್ಞೆಯು ಕಾಗದದ ಮೇಲಿದ್ದರೆ ಸಾಲದು. ಅದು ಮುರಿಯುತ್ತಿರುವುದನ್ನು ಕಣ್ಣಾರೆ ಕಂಡು ಕೇಳುವ ಪ್ರಜೆಗಳಿರಬೇಕು.

ಬೆಟ್ಟಗಳನ್ನು ಒಡೆಯುವ ಕೆಲಸವೂ ನಿಂತಿಲ್ಲ. ನಗರದ ಕಟ್ಟಡಗಳಿಗೆ ಜಲ್ಲಿಯೂ ಎಂ-ಸ್ಯಾಂಡೂ ಬೇಕು. ಅವು ಆಕಾಶದಿಂದ ಬೀಳುವುದಿಲ್ಲ. ಸುತ್ತಲಿನ ಜಿಲ್ಲೆಗಳ ಗುಡ್ಡಗಳನ್ನು ಸಿಡಿಸಿಯೇ ಬರತಕ್ಕವು. 2021ರ ಫೆಬ್ರವರಿಯಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಹಿರೇನಾಗವಲ್ಲಿಯಲ್ಲಿ ಕಲ್ಲುಗಣಿಗೆಂದು ಇಟ್ಟಿದ್ದ ಜಿಲೆಟಿನ್ ಸಿಡಿದು 6 ಮಂದಿ ಸತ್ತಾಗ ಒಂದೆರಡು ವಾರ ಗದ್ದಲವೆದ್ದಿತು. ಅನಂತರ ನಗರವು ಅದನ್ನು ಮರೆಯಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುವರು. ಇಲ್ಲಿ ಕುಂಬಾರನ ಕೆಲಸವು ಕೋಟ್ಯನುಕೋಟಿ ವರುಷಗಳದು. ಒಮ್ಮೆ ಒಡೆದ ಬೆಟ್ಟವನ್ನು ಮರಳಿ ಕಟ್ಟಬಲ್ಲವರು ಯಾರೂ ಇಲ್ಲ. ಜನರು ಹೋಗಿ ಬರುವ ಬೆಟ್ಟಕ್ಕೆ ಮದ್ದು ಇಡುವುದಕ್ಕೆ ಗುತ್ತಿಗೆದಾರನು ಹಿಂದೆ ಮುಂದೆ ನೋಡುತ್ತಾನೆ. ಯಾರೂ ಕಾಣದ ಬೆಟ್ಟಕ್ಕೆ ಆ ರಕ್ಷಣೆಯಿಲ್ಲ.

ಹೀಗೆಂದ ಮಾತ್ರಕ್ಕೆ ಪ್ರವಾಸಿಗರ ನಡತೆಯನ್ನು ನಾವು ಸಮರ್ಥಿಸುವೆವೆಂದು ಯಾರೂ ತಿಳಿಯಬಾರದು. ನಂದಿಯ ತಿರುವುಗಳಲ್ಲಿ ಕಾರುಗಳು ಗಂಟೆಗಟ್ಟಲೆ ನಿಂತು ಹೊಗೆ ಕಾರುವುದು, ಕೋಟೆಯ ಗೋಡೆಗಳ ಮೇಲೆ ಹೆಸರು ಕೆತ್ತುವುದು, ಬಂಡೆಯ ಸಂದುಗಳಲ್ಲಿ ಸೀಸೆಯನ್ನೂ ಪ್ಲಾಸ್ಟಿಕ್ ಚೀಲವನ್ನೂ ತುರುಕುವುದು, ಹಕ್ಕಿಯ ದನಿ ಕೇಳಬೇಕಾದ ಕಡೆ ಯಂತ್ರಗಳಿಂದ ಹಾಡು ಬೊಬ್ಬಿಡಿಸುವುದು, ಇವು ನಾಗರಿಕರೆನಿಸಿಕೊಂಡವರಿಗೆ ಶೋಭಿಸತಕ್ಕವಲ್ಲ. ರಾಮದೇವರ ಬೆಟ್ಟದ ಕೋಡುಗಲ್ಲುಗಳಲ್ಲಿ ಉದ್ದ ಕೊಕ್ಕಿನ ರಣಹದ್ದುಗಳು ಗೂಡುಕಟ್ಟುತ್ತವೆಂದು 2012ರಲ್ಲಿ ಅದನ್ನು ರಣಹದ್ದುಗಳ ಧಾಮವೆಂದು ಸಾರಲಾಯಿತು. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ಔಷಧದಿಂದ, ಆ ದನಗಳ ಹೆಣ ತಿಂದ ರಣಹದ್ದುಗಳು ದೇಶದಲ್ಲೆಲ್ಲ ನಿರ್ಮೂಲವಾಗುವ ಸ್ಥಿತಿಗೆ ಬಂದುದರಿಂದ 2006ರಲ್ಲಿ ಅದನ್ನು ನಿಷೇಧಿಸಬೇಕಾಯಿತು. ಹಾಗೆ ಉಳಿದ ಬೆರಳೆಣಿಕೆಯ ಹಕ್ಕಿಗಳ ಗೂಡಿನ ಕೆಳಗೆ ನಿಂತು ಕೂಗಾಡುವುದು ವಿನೋದವೆ? ಇನ್ನು ಮೇಕೆದಾಟಿನಲ್ಲಿ ನೀರು ಕೊರೆದ ಕುಳಿಗಳ ಅಂಚಿನಲ್ಲಿ ನಿಂತು ಚಿತ್ರ ತೆಗೆಸಿಕೊಳ್ಳಹೋಗಿ ಪ್ರಾಣ ಕಳೆದುಕೊಂಡ ಮಕ್ಕಳ ಸುದ್ದಿಯನ್ನು ಅಚ್ಚುಹಾಕುವ ದೌರ್ಭಾಗ್ಯವು ಪತ್ರಿಕೆಗಳಿಗೆ ಮರಳಿ ಮರಳಿ ಒದಗುತ್ತಿದೆ. ಮಳೆಯಲ್ಲಿ ನೆನೆದು ಪಾಚಿ ಕಟ್ಟಿದ ಸಾವನದುರ್ಗದ ಬಂಡೆಯು ಎಣ್ಣೆ ಹೊಯ್ದ ಹಾಗಿರುತ್ತದೆಂಬುದು ಆ ಊರಿನ ದನಗಾಹಿ ಹುಡುಗನಿಗೆ ಗೊತ್ತು; ನಗರದ ಪದವೀಧರನಿಗೆ ಗೊತ್ತಿಲ್ಲ.

ಇದಕ್ಕೆ ಅಧಿಕಾರಿಗಳು ಕಂಡುಕೊಂಡ ಪರಿಹಾರವೇನು? 2021ರ ಆಗಸ್ಟಿನಲ್ಲಿ ಭಾರಿ ಮಳೆಗೆ ಗುಡ್ಡ ಜರಿದು ನಂದಿಯ ರಸ್ತೆಯು ಕಡಿದುಹೋದಾಗ ತಿಂಗಳುಗಟ್ಟಲೆ ದಾರಿಯನ್ನು ಮುಚ್ಚಿದರು, ಅದು ಅನಿವಾರ್ಯವಾಗಿತ್ತು. 2024ರ ಜನವರಿಯಲ್ಲಿ ದೂರದ ಕುಮಾರಪರ್ವತಕ್ಕೆ ಒಮ್ಮೆಲೇ ಸಾವಿರಾರು ಮಂದಿ ಮುಗಿಬಿದ್ದುದನ್ನು ಕಂಡು, ಮುಂಗಡ ನೋಂದಣಿಯ ಏರ್ಪಾಡಿಲ್ಲದ ಚಾರಣಗಳನ್ನು ಸರಕಾರದವರು ತಡೆಹಿಡಿದರು. ಅದೇ ವರ್ಷ ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ಎಂಬ ಅಂತರ್ಜಾಲದ ಏರ್ಪಾಡು ಬಂದಿತು. ದಿನಕ್ಕೆ ಇಷ್ಟೇ ಮಂದಿಯೆಂದು ಮಿತಿ ಹಾಕುವುದು ನ್ಯಾಯವೇ ಸರಿ. ಬೆಟ್ಟದ ಕಾಲುದಾರಿಯು ಸಂತೆಬೀದಿಯಲ್ಲ. ಆದರೆ ಮಿತಿ ಬೇರೆ, ಮುಚ್ಚುವುದು ಬೇರೆ. ನೆಗಡಿಯಾಯಿತೆಂದು ಮೂಗನ್ನೇ ಕೊಯ್ದುಕೊಳ್ಳುವುದು ಆಡಳಿತವೆನಿಸದು. ಎಲ್ಲ ಪರವಾನಗಿಗಳೂ ಫೋನಿನ ಮೂಲಕವೇ ದೊರೆಯುವಂತಾದರೆ, ಆ ವಿದ್ಯೆ ತಿಳಿದ ಸಿರಿವಂತನಿಗೆ ಬೆಟ್ಟವು ಸುಲಭವಾಗಿ, ಶಾಲೆಯ ಮಕ್ಕಳನ್ನು ಕರೆದುಕೊಂಡು ಬರುವ ಹಳ್ಳಿಯ ಉಪಾಧ್ಯಾಯನಿಗೆ ದುರ್ಲಭವಾಗುವುದು. ಪ್ರತಿ ಸ್ಥಳದ ಗೇಟಿನಲ್ಲಿಯೂ ಒಂದು ಪಾಲಿನ ಚೀಟಿಗಳನ್ನು ಕೈಗೆ ಕೊಡುವುದಕ್ಕಾಗಿ ಮೀಸಲಿಡಬೇಕು. ಬೆಟ್ಟದಡಿಯ ಹಳ್ಳಿಯವನು ತನ್ನ ದೇವರ ಗುಡ್ಡವನ್ನು ಹತ್ತುವುದಕ್ಕೆ ಚೀಟಿ ಕೇಳಬೇಕಾದ ಕಾಲವೆಂದೂ ಬರಬಾರದು.

ನಮ್ಮ ಸೂಚನೆಗಳು ಕೆಲವೇ. ಮೊದಲನೆಯದು, ಕಾರುಗಳನ್ನು ಕಡಮೆ ಮಾಡಬೇಕು, ಜನರನ್ನಲ್ಲ. ಮಾಕಳಿದುರ್ಗಕ್ಕೆ ಬುಡದಲ್ಲಿಯೇ ಅದರ ಹೆಸರಿನ ರೈಲು ನಿಲ್ದಾಣವಿದೆ. ಯಲಹಂಕದಿಂದ ಚಿಕ್ಕಬಳ್ಳಾಪುರಕ್ಕೆ ಹೋಗುವ ದಾರಿಯಲ್ಲಿ ನಂದಿ ಹಾಲ್ಟ್ ಇದೆ. ರಾಮನಗರವು ಮೈಸೂರಿನ ರೈಲುಮಾರ್ಗದ ಮೇಲೆಯೇ ಇದೆ. ಭಾನುವಾರ ನಸುಕಿಗೆ ಹೊರಟು ಸಂಜೆಗೆ ಹಿಂದಿರುಗುವ ರೈಲುಗಳನ್ನು ಈ ಮೂರು ಮಾರ್ಗಗಳಲ್ಲಿ ಓಡಿಸಿ, ನಿಲ್ದಾಣದಿಂದ ಬೆಟ್ಟದ ಬುಡಕ್ಕೆ ಸಣ್ಣ ಬಸ್ಸುಗಳನ್ನಿಟ್ಟರೆ ಹೊಸ ರಸ್ತೆಯ ಒಂದು ಕಲ್ಲನ್ನೂ ಹಾಸಬೇಕಾಗಿಲ್ಲ. ನಂದಿಗೆ ರೋಪ್‌ವೇ ಹಾಕುವ ಯೋಜನೆಗೆ 2023ರಲ್ಲಿ ಶಂಕುಸ್ಥಾಪನೆಯು ನಡೆಯಿತು. ಅದರಿಂದ ಕಾರುಗಳು ಬುಡದಲ್ಲಿಯೇ ನಿಲ್ಲುವುದಾದರೆ ಹಿತವುಂಟು. ಕಾರೂ ಮೇಲೇರಿ ತೊಟ್ಟಿಲೂ ಮೇಲೇರಿದರೆ ನೆತ್ತಿಯ ಮೇಲಿನ ಸಂದಣಿಯು ಹೆಚ್ಚುವುದಷ್ಟೇ ಫಲ. ಸುಲ್ತಾನಪೇಟೆಯ ಕಡೆಯಿಂದ ಹತ್ತುವ ಸಾವಿರಕ್ಕೂ ಮಿಕ್ಕ ಮೆಟ್ಟಿಲುಗಳ ಹಳೆಯ ದಾರಿಯುಂಟು. ಅದನ್ನು ದುರಸ್ತಾಗಿ ಇಡುವುದಕ್ಕೆ ತಗಲುವ ವೆಚ್ಚ ಸ್ವಲ್ಪವೇ.

ಎರಡನೆಯದು, ಆಯಾ ಹಳ್ಳಿಯ ಯುವಕ ಯುವತಿಯರಿಗೆ ಶಿಕ್ಷಣ ಕೊಟ್ಟು ದಾರಿ ತೋರಿಸುವವರನ್ನಾಗಿ ನೇಮಿಸಬೇಕು. ಹತ್ತು ಹನ್ನೆರಡು ಮಂದಿಯ ಪ್ರತಿ ಗುಂಪಿಗೂ ಅಂಥವರೊಬ್ಬರು ಜತೆಗಿದ್ದರೆ ಜಾರಿ ಬೀಳುವ ಅಪಾಯವೂ ತಪ್ಪುವುದು, ಸೀಸೆಯೆಸೆಯುವ ಕೈಯೂ ಹಿಂಜರಿಯುವುದು. ಬೆಟ್ಟವು ಊಟ ಕೊಡುವುದೆಂದು ಕಂಡ ಹಳ್ಳಿಯು ಅದನ್ನು ಗಣಿಯವನಿಗೆ ಬಿಟ್ಟುಕೊಡುವುದಕ್ಕೆ ಸುಲಭವಾಗಿ ಒಪ್ಪದು. ಮೂರನೆಯದು, ಪ್ರವಾಸಿಗರಿಂದ ಸಂಗ್ರಹವಾದ ಹಣವೆಷ್ಟು, ಅದರಲ್ಲಿ ಆ ಬೆಟ್ಟದ ಮೇಲೆಯೇ ವೆಚ್ಚವಾದುದೆಷ್ಟು ಎಂಬ ಲೆಕ್ಕವನ್ನು ತಿಂಗಳಿಗೊಮ್ಮೆ ಅಲ್ಲಿಯೇ ಹಲಗೆಯ ಮೇಲೆ ಬರೆದು ತೂಗುಹಾಕಬೇಕು. ನಾಲ್ಕನೆಯದು, ಹಕ್ಕಿಗಳು ಗೂಡುಕಟ್ಟುವ ಕಾಲದಲ್ಲಿಯೂ ಕಾಳ್ಗಿಚ್ಚಿನ ಕಾಲದಲ್ಲಿಯೂ ಜಡಿಮಳೆಯಲ್ಲಿಯೂ ದಾರಿ ಮುಚ್ಚಬೇಕಾದರೆ, ಆ ದಿನಗಳನ್ನು ವರ್ಷದ ಮೊದಲಲ್ಲಿಯೇ ಕಾರಣಸಹಿತವಾಗಿ ಪ್ರಕಟಿಸಬೇಕು. ಕಾರಣ ತಿಳಿದವನು ಪಾಲಿಸುವನು. ತಿಳಿಯದವನು ಬೇಲಿ ಹಾರುವನು.

ಮಹಾಜನರಿಗೂ ನಮ್ಮ ಮಾತೊಂದುಂಟು. ಬೆಟ್ಟಕ್ಕೆ ಹೋಗುವುದು ನಮಗೆ ಹೊಸದಲ್ಲ. ನಂದಿಯ ಸುತ್ತ ಗಿರಿಪ್ರದಕ್ಷಿಣೆ ಮಾಡುವ ಭಕ್ತರು ಇಂದಿಗೂ ಮೈಲುಗಟ್ಟಲೆ ಬರಿಗಾಲಿನಲ್ಲಿ ನಡೆಯುತ್ತಾರೆ. ಶಿವಗಂಗೆಯನ್ನು ನಮ್ಮ ಅಜ್ಜಿಯರು ಬುತ್ತಿಗಂಟು ಹೊತ್ತು ಹತ್ತಿ, ಒಳಕಲ್ಲು ತೀರ್ಥದಲ್ಲಿ ಕೈಯಿಟ್ಟು ನೀರು ಮುಟ್ಟಿ ಇಳಿದವರು. ಅವರು ಬೆಟ್ಟವನ್ನು ಗೆಲ್ಲಹೊರಟವರಲ್ಲ. ಅದರ ಮನೆಗೆ ನೆಂಟರಾಗಿ ಹೋದವರು. ಭಕ್ತಿಯಿಂದ ಹೋಗುವವನು ಭಕ್ತಿಯಿಂದ ಹೋಗಲಿ, ಇತಿಹಾಸಕ್ಕಾಗಿ, ಗಾಳಿಗಾಗಿ, ಹಕ್ಕಿಗಾಗಿ ಹೋಗುವವನು ಹಾಗೆಯೇ ಹೋಗಲಿ. ನೆಂಟನ ಮರ್ಯಾದೆಯೊಂದು ಎಲ್ಲರಿಗೂ ಇರಲಿ. ತಂದುದನ್ನು ಹಿಂದಕ್ಕೆ ಒಯ್ಯುವುದು, ದನಿಯನ್ನು ತಗ್ಗಿಸುವುದು, ಅಲ್ಲಿಯವರ ಮಾತನ್ನು ಕೇಳುವುದು, ಇಷ್ಟೇ ಆ ಮರ್ಯಾದೆ. ಗುಡ್ಡದ ಮಗ್ಗುಲಲ್ಲಿ ಹೊಸದಾಗಿ ಗಣಿಯ ಗಾಯ ಕಂಡರೆ ಸ್ಥಳವನ್ನೂ ದಿನವನ್ನೂ ಗುರುತು ಹಾಕಿಕೊಂಡು ತಹಶೀಲ್ದಾರರಿಗೂ ಗಣಿ ಇಲಾಖೆಗೂ ಒಂದು ಕಾಗದ ಬರೆಯುವುದೂ ಅದರಲ್ಲಿಯೇ ಸೇರಿದೆ.

ದೂರದ ಬೆಟ್ಟ ನುಣ್ಣಗೆ ಎಂಬ ಗಾದೆಯಿದೆ. ದೂರದಿಂದಲೇ ನೋಡುವ ಅಧಿಕಾರಿಗೂ ನಗರವಾಸಿಗೂ ಬೆಟ್ಟವು ನುಣ್ಣಗೆಯೇ ಕಾಣುವುದು. ಅದರ ಮೈಮೇಲಿನ ಗಾಯಗಳು ಕಾಣಬೇಕಾದರೆ ಹತ್ತಿರ ಹೋಗಬೇಕು. ಆದುದರಿಂದ ಸರಕಾರದವರು ಬೀಗದ ಕೈಯನ್ನು ಕೆಳಗಿಟ್ಟು ದಾರಿಯನ್ನು ಸರಿಪಡಿಸಲಿ. ನಗರದ ಜನರು ಕಾರಿನಿಂದಿಳಿದು ನಡೆಯುವುದನ್ನು ಕಲಿಯಲಿ. ಅರ್ಕಾವತಿಯ ತವರನ್ನು ಕಾಲಿನಿಂದ ಬಲ್ಲ ಹತ್ತು ಸಾವಿರ ಮಂದಿ ಬೆಂಗಳೂರಿನಲ್ಲಿ ಸಿದ್ಧವಾದರೆ, ಆ ನದಿಯನ್ನು ಉಳಿಸಿರೆಂದು ನಾವು ಪದೇ ಪದೇ ಬರೆಯಬೇಕಾದ ಪ್ರಸಂಗವೇ ಬಾರದು.