ತರುಣರೂ ಪಂಜರದ ಗಿಳಿಯೂ

ಗಿಳಿಯನ್ನು ಸಾಕಲು ನಮ್ಮ ತರುಣರು ಸಿದ್ಧರಾಗಿರುವರೇ ಎಂಬ ಪ್ರಶ್ನೆಗೆ, ಬಹುಮಟ್ಟಿಗೆ ಇಲ್ಲವೆಂದೇ ನಮ್ಮ ಉತ್ತರ. ಇದಕ್ಕಾಗಿ ತರುಣರು ಮುನಿಯಬೇಕಾದುದಿಲ್ಲ. ಅವರ ಹಿರಿಯರಲ್ಲಿ ಆ ಸಿದ್ಧತೆಯಿದ್ದಿತೆಂದು ನಾವು ಹೇಳುತ್ತಿಲ್ಲ.

ನಮ್ಮ ತೋಪುಗಳಲ್ಲಿ ಹಾರಾಡುವ ಹಸಿರು ಗಿಳಿಯು 1972ನೆಯ ಇಸವಿಯ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಆಶ್ರಯಕ್ಕೆ ಒಳಪಟ್ಟಿದೆ. ಅದನ್ನು ಹಿಡಿಯುವುದೂ ಮಾರುವುದೂ ಪಂಜರದಲ್ಲಿಡುವುದೂ ಅಪರಾಧ. ಆದರೂ ಪೊಟರೆಯಿಂದ ರೆಕ್ಕೆ ಬಲಿಯದ ಮರಿಗಳನ್ನು ಕಿತ್ತು ತಂದು ಮಾರುವ ದಂಧೆಯು ನಿಂತಿಲ್ಲ. ಕಾಯಿದೆಯನ್ನು ಬಲ್ಲ ಸದ್ಗೃಹಸ್ಥರ ಪಡಸಾಲೆಯಲ್ಲಿಯೂ ಪಂಜರವು ತೂಗಾಡುವುದುಂಟು. ತಂದೆಯೇ ಹೀಗಿರಲು ಮಗನಿಗೆ ಬುದ್ಧಿ ಹೇಳುವವರಾರು?

ಇನ್ನು ಪರದೇಶದ ಗಿಳಿಗಳ ಮಾತು. ಇವುಗಳಲ್ಲಿ ಆಫ್ರಿಕದ ಬೂದು ಗಿಳಿಗೆ ಬೇಡಿಕೆ ಹೆಚ್ಚು. ಕಾಡಿನಿಂದ ಹಿಡಿದ ಈ ಗಿಳಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು 2016ರ ಜೋಹಾನ್ಸ್‌ಬರ್ಗ್ ಸಮ್ಮೇಳನದಲ್ಲಿ ರಾಷ್ಟ್ರಗಳು ನಿಷೇಧಿಸಿದುವು. ಇಲ್ಲಿ ಇಂಥ ಹಕ್ಕಿಯನ್ನು ಇಟ್ಟುಕೊಂಡವರು 2024ರ ನಿಯಮಗಳಂತೆ ಸರಕಾರದಲ್ಲಿ ನೋಂದಾಯಿಸತಕ್ಕದ್ದು. ಮಾರುವವನಲ್ಲಿ ಕಾಗದಪತ್ರವನ್ನು ಕೇಳುವ ತರುಣರೆಷ್ಟು ಮಂದಿ?

ಕಾಗದವೆಲ್ಲ ಸರಿಯಾಗಿದ್ದರೂ ಕಾಲದ ಲೆಕ್ಕವೊಂದಿದೆ. ಈ ಗಿಳಿಯು ಚೆನ್ನಾಗಿ ಸಾಕಿದರೆ ನಲವತ್ತು, ಐವತ್ತು ವರ್ಷ ಬಾಳಬಲ್ಲುದು. ಇಪ್ಪತ್ತರ ತರುಣನು ತಂದ ಮರಿಯು ಅವನ ನಿವೃತ್ತಿಯ ದಿನವನ್ನೂ ಕಾಣಬಹುದು! ಅಷ್ಟರಲ್ಲಿ ಪರೀಕ್ಷೆ, ಉದ್ಯೋಗ, ವರ್ಗಾವಣೆ, ವಿವಾಹ, ಬಾಡಿಗೆ ಮನೆಯ ಯಜಮಾನನ ಮುಖಗಂಟು, ಇವೆಲ್ಲವೂ ಬಂದು ಹೋಗಬೇಕು. ಗಿಳಿಯಾದರೋ ಗುಂಪಿನಲ್ಲಿ ಬಾಳುವ ಜೀವ. ಹಗಲೆಲ್ಲ ಒಂಟಿಯಾಗಿ ಬಿಟ್ಟರೆ ಬೇಸತ್ತು ತನ್ನ ಗರಿಗಳನ್ನು ತಾನೇ ಕಿತ್ತುಕೊಳ್ಳುವುದುಂಟು. ನಾನ್‌ಸ್ಟಿಕ್ ಬಾಣಲೆಯು ಅತಿಯಾಗಿ ಕಾದರೆ ಏಳುವ ಹೊಗೆಯೇ ಅದರ ಪ್ರಾಣ ತೆಗೆದೀತು. ಬೆಣ್ಣೆಹಣ್ಣು ಅದಕ್ಕೆ ವಿಷ. ಎರಡು ಮೆಣಸಿನಕಾಯಿಯನ್ನು ತೂರಿ ಕರ್ತವ್ಯ ತೀರಿತೆಂದುಕೊಳ್ಳುವವರಿಗೆ ಇದೆಲ್ಲ ತಿಳಿದಿದೆಯೇ? (ಮೆಣಸಿನ ಖಾರವು ಹಕ್ಕಿಗಳಿಗೆ ತಾಗುವುದೇ ಇಲ್ಲ, ನಮ್ಮ ಔದಾರ್ಯಕ್ಕೆ ಅದೊಂದು ಅನುಕೂಲ.)

ಹುಟ್ಟಿದ ಹಬ್ಬಕ್ಕೆ ಮಕ್ಕಳ ಕೈಗೆ ಗಿಳಿಮರಿಯನ್ನು ಕೊಡುವ ತಂದೆತಾಯಿಗಳನ್ನೇ ನಾವು ಮುಖ್ಯವಾಗಿ ಪ್ರಶ್ನಿಸುತ್ತೇವೆ: ಹುಡುಗನು ಓದಲು ಪರವೂರಿಗೆ ಹೋದ ಮೇಲೆ ಅದನ್ನು ನೋಡಿಕೊಳ್ಳುವವರು ತಾವೇ ಎಂಬುದು ಅವರಿಗೆ ಒಪ್ಪಿಗೆಯೇ? ಒಪ್ಪಿಗೆಯಿಲ್ಲದವರು ಆ ಹಣಕ್ಕೆ ಒಂದು ದುರ್ಬೀನನ್ನು ಕೊಡಿಸಲಿ. ಊರಾಚೆಯ ಆಲದ ಮರದಲ್ಲಿ ಗಿಳಿಗಳು ಸಾಕಷ್ಟಿವೆ. ಅವು ಗೂಡುಮಾಡುವ ಚಳಿಗಾಲದ ಕೊನೆಯ ಹಾಗೂ ಬೇಸಗೆಯ ಮೊದಲಿನ ತಿಂಗಳುಗಳಲ್ಲಿ ಅರಣ್ಯ ಇಲಾಖೆಯ ಅಧಿಕಾರಿಗಳು ಸಂತೆಗಳ ಕಡೆಗೂ ಸ್ವಲ್ಪ ದೃಷ್ಟಿ ಹಾಯಿಸುವರೆಂದು ನಂಬಿದ್ದೇವೆ.