ರಾಜಿಯ ಚಾಪೆ ಮೇಲೆ ಕೂರುವುದಿಲ್ಲ

ಹೊಡೆದರೆ ಗಾಯವಾದರೂ ಕಾಣುತ್ತದೆ, ಆಸ್ಪತ್ರೆಯ ಚೀಟಿಯಾದರೂ ಸಿಗುತ್ತದೆ. ಕಡೂರು, ತರೀಕೆರೆ, ಅಜ್ಜಂಪುರದ ಹಳ್ಳಿಗಳಲ್ಲಿ ಬಡವನನ್ನು ಬಗ್ಗಿಸಲು ಬಹಳ ಸಲ ಕೈ ಎತ್ತಬೇಕಾಗಿಯೇ ಇಲ್ಲ. ‘ನಾಳೆನೂ ಇದೇ ಊರಲ್ಲೇ ಇರ್ಬೇಕಲ್ವೇನೋ’ ಅಂದರೆ ಮುಗಿಯಿತು. ‘ನಿನ್ ಮಗಂಗೊಂಚೂರು ಬುದ್ಧಿ ಹೇಳಪ್ಪ’ ಎಂದು ಟೀ ಅಂಗಡಿ ಮುಂದೆ ಅಪ್ಪನ ಹೆಗಲ ಮೇಲೆ ಕೈ ಹಾಕಿ ಹೇಳಿದರೆ, ಆ ರಾತ್ರಿ ಮನೆಯಲ್ಲಿ ಯಾರ ಗಂಟಲಲ್ಲೂ ಮುದ್ದೆ ಇಳಿಯುವುದಿಲ್ಲ. ‘ನೋಡ್ಕೋತೀವಿ ಬಿಡು.’ ‘ದೊಡ್ಡೋರ ಸವಾಸ ನಮಗ್ಯಾಕೆ.’ ಮೊದಲನೆಯದು ಹೆದರಿಸುವವನ ಮಾತು, ಎರಡನೆಯದು ಹೆದರಿದವನದು. ಎರಡೂ ಎಷ್ಟು ಮೆತ್ತಗಿವೆಯೆಂದರೆ ಯಾವ ಠಾಣೆಯ ಪುಸ್ತಕದಲ್ಲೂ ಅವು ಬೆದರಿಕೆ ಎಂದು ದಾಖಲಾಗುವುದಿಲ್ಲ.

ಈ ಮೆತ್ತನೆಯ ಮಾತಿಗೆ ಬಲ ಬರುವುದು ಕೂಲಿಯಿಂದ. ತರೀಕೆರೆ ಕಡೆ ಅಡಿಕೆ ಸುಲಿಯಲು, ಅಜ್ಜಂಪುರದ ಹೊಲದಲ್ಲಿ ಈರುಳ್ಳಿ ಕೀಳಲು, ಕಡೂರಿನ ತೋಟದಲ್ಲಿ ಕಾಯಿ ಸುಲಿಯಲು ಕರೆಯುವವನೇ ಬಾಯಿ ಮುಚ್ಚು ಎನ್ನುವವನೂ ಆಗಿದ್ದರೆ, ಅವನು ಹೆದರಿಸಬೇಕಾದ್ದಿಲ್ಲ. ಒಂದು ವಾರ ಕರೆಯದೆ ಇದ್ದರಾಯಿತು.

2024ರ ಜನವರಿಯಲ್ಲಿ ತರೀಕೆರೆ ತಾಲ್ಲೂಕಿನ ಗೇರುಮರಡಿ ಗೊಲ್ಲರಹಟ್ಟಿಯ ಹೆಸರು ನಾಡಿನ ಪತ್ರಿಕೆಗಳಲ್ಲೆಲ್ಲ ಬಂತು. ಜೆಸಿಬಿ ಕೆಲಸಕ್ಕೆಂದು ಹಟ್ಟಿಯೊಳಗೆ ಹೋದ ದಲಿತ ಯುವಕನ ಜಾತಿ ಕೇಳಿ ಹೊಡೆದರೆಂದು ದೂರು ದಾಖಲಾಯಿತು. ಮೈಲಿಗೆಯಾಯಿತೆಂದು ಗುಡಿಗೆ ಬೀಗ ಬಿತ್ತು. ಆಮೇಲೆ ದಲಿತ ಸಂಘಟನೆಗಳು ಪೊಲೀಸರ ಕಾವಲಿನಲ್ಲಿ ಹಟ್ಟಿಗೆ ನಡೆದು ಗುಡಿಯನ್ನು ಹೊಕ್ಕವು. ಯೋಚಿಸಿ ನೋಡಿ: ಯಂತ್ರಕ್ಕೆ ಹಟ್ಟಿಯೊಳಗೆ ದಾರಿ ಉಂಟು, ಅದನ್ನು ನಡೆಸುವ ಕೈಗೆ ಇಲ್ಲ. ಅಸ್ಪೃಶ್ಯತೆ ರದ್ದಾಗಿದೆ ಎಂದು ಸಂವಿಧಾನದ 17ನೇ ವಿಧಿ ಹೇಳಿ ಎಪ್ಪತ್ತು ವರ್ಷ ದಾಟಿದ ಮೇಲೂ ಒಂದು ಬೀದಿಯಲ್ಲಿ ಕಾಲಿಡಲು ಪೊಲೀಸ್ ವ್ಯಾನು ಮುಂದೆ ಹೋಗಬೇಕು.

ಹಟ್ಟಿಯವರೇನೂ ಜಮೀನ್ದಾರರಲ್ಲ. ಕುರಿ ಕಾಯ್ದು ಬದುಕಿದ ಕಾಡುಗೊಲ್ಲರು ತಮ್ಮನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿ ಎಂದು ವರ್ಷಗಟ್ಟಲೆ ಕಚೇರಿಗಳ ಮುಂದೆ ಅರ್ಜಿ ಹಿಡಿದು ನಿಂತವರು. ಅವರ ಮೇಲೂ ಒಂದು ಭಯ ಕೂತಿದೆ, ಅದಕ್ಕೆ ದೇವರ ಹೆಸರಿದೆ. ಆ ಭಯ ಮೊದಲು ತುಳಿಯುವುದು ಹಟ್ಟಿಯ ಹೆಣ್ಣುಮಕ್ಕಳನ್ನೇ. ಮುಟ್ಟಾದವಳು ಹೊರಗೆ, ಹೆತ್ತವಳು ಹೊರಗೆ. ‘ಒಳಗೆ ಬಂದ್ರೆ ದೇವ್ರು ಮುನಿಯುತ್ತೆ’ ಎಂದ ಮೇಲೆ ಯಾವ ಹುಡುಗಿ ಹೊಸಲು ದಾಟುತ್ತಾಳೆ? 2023ರ ಜುಲೈನಲ್ಲಿ ತುಮಕೂರು ಬಳಿಯ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ಬಾಣಂತಿಯನ್ನು ಹಟ್ಟಿಯಾಚೆ ಗುಡಿಸಲಲ್ಲಿ ಇಟ್ಟಿದ್ದರು. ಮಳೆ, ಚಳಿ. ಹಸುಗೂಸು ಸತ್ತುಹೋಯಿತು. ಹೀಗೆ ಹೊರಗಿಡುವುದು ಅಪರಾಧ ಎನ್ನುವ ರಾಜ್ಯದ ಅಮಾನವೀಯ ಅನಿಷ್ಟ ಪದ್ಧತಿಗಳ ನಿಷೇಧ ಕಾಯ್ದೆ ಬಂದದ್ದು 2017ರಲ್ಲಿ, ಜಾರಿಗೆ ಬಂದದ್ದು 2020ರಲ್ಲಿ. ಕಾಯ್ದೆ ಬಂದ ಮೇಲೂ ಕೂಸು ಸತ್ತಿದೆ. ತನ್ನ ಮನೆಯ ಬಾಣಂತಿಯನ್ನು ಮಳೆಗೆ ದೂಡುವ ಭಯವೇ ದಲಿತ ಹುಡುಗನ ಮೇಲೆ ಕೈ ಎತ್ತಿಸುವುದು. ಹಟ್ಟಿಯ ಓದಿದ ಹುಡುಗರು ಇದನ್ನು ಬಲ್ಲರು. ಬಲ್ಲವರು ಬಾಯಿ ಬಿಡಬೇಕು.

ಅಜ್ಜಂಪುರದ ಅಮೃತ್ ಮಹಲ್ ಕಾವಲುಗಳ ದನ ನೋಡಿದವರಿಗೆ ಗೊತ್ತು, ಆ ತಳಿ ಎಂಥ ರೋಷದ್ದು. ಕಾವಲಲ್ಲಿ ಬಿಡುಬೀಸಾಗಿ ಬೆಳೆದ ಹೋರಿಯನ್ನು ಹಿಡಿದು, ಹಗ್ಗ ಹಾಕಿ, ಪಳಗಿಸುತ್ತಾರೆ. ಪಳಗಿದ ಮೇಲೆ ಹಗ್ಗ ಸಡಿಲಿದ್ದರೂ ಅದು ಓಡುವುದಿಲ್ಲ. ಮನುಷ್ಯರನ್ನು ಪಳಗಿಸುವ ಹಗ್ಗಕ್ಕೆ ನಮ್ಮ ಕಡೆ ಇಟ್ಟ ಹೆಸರು ‘ರಾಜಿ’.

ನನಗೆ ಹೆಚ್ಚು ಸಿಟ್ಟು ಇರುವುದು ಈ ರಾಜಿಯ ಮೇಲೆ. ಹೊಡೆದವನು, ಹೊಡೆಸಿಕೊಂಡವನು ಇಬ್ಬರನ್ನೂ ಒಂದೇ ಚಾಪೆ ಮೇಲೆ ಕೂರಿಸುತ್ತಾರೆ. ಅದಕ್ಕೆ ಶಾಂತಿ ಸಭೆ ಎನ್ನುತ್ತಾರೆ. ‘ಇಬ್ರುದೂ ತಪ್ಪಿದೆ’ ಎಂದು ಊರ ಹಿರಿಯರು ಶುರು ಮಾಡುತ್ತಾರೆ. ‘ಕೇಸು ಗೀಸು ಅಂತ ಯಾಕೆ ಅಲೀತೀಯ, ಕೋರ್ಟಿಗೆ ಹಾಕೋ ದುಡ್ಡಲ್ಲಿ ಮಗಳ ಮದ್ವೆ ಆಗುತ್ತೆ’ ಎಂದು ಇನ್ನೊಬ್ಬರು. ಕೊನೆಗೆ ಹೊಡೆಸಿಕೊಂಡವನೇ ಕೈ ಮುಗಿದು ಎದ್ದು ಬರುತ್ತಾನೆ. ಊರು ಶಾಂತವಾಗಿದೆ ಎಂದು ಮೇಲಿನವರಿಗೆ ವರದಿ ಹೋಗುತ್ತದೆ. ಆ ಶಾಂತಿ ಯಾರ ಉಸಿರು ಅದುಮಿ ಬಂದದ್ದು ಎಂದು ಯಾವ ವರದಿಯೂ ಬರೆಯುವುದಿಲ್ಲ.

ಕಾನೂನು ಇದನ್ನೆಲ್ಲ ಬಲ್ಲದು. 1989ರ ಪರಿಶಿಷ್ಟ ಜಾತಿ, ಪಂಗಡಗಳ ಮೇಲಿನ ದೌರ್ಜನ್ಯ ತಡೆ ಕಾಯ್ದೆಗೆ ತಂದ ತಿದ್ದುಪಡಿ 2016ರ ಜನವರಿಯಿಂದ ಜಾರಿಯಲ್ಲಿದೆ. ದಲಿತನೆಂಬ ಕಾರಣಕ್ಕೆ ಕೂಲಿಗೆ ಕರೆಯದಿರುವುದು, ಅವನೊಂದಿಗಿನ ಕೊಡುಕೊಳ್ಳುವಿಕೆ ನಿಲ್ಲಿಸುವುದು ಆರ್ಥಿಕ ಬಹಿಷ್ಕಾರ, ಅದನ್ನು ಹೇರುವುದೂ ಹೇರುತ್ತೇನೆಂದು ಬೆದರಿಸುವುದೂ ಅಪರಾಧ. ಸೆಕ್ಷನ್ 15ಎ ಪ್ರಕಾರ ನೊಂದವರನ್ನೂ ಸಾಕ್ಷಿಗಳನ್ನೂ ಬೆದರಿಕೆಯಿಂದ, ಒತ್ತಾಯದಿಂದ, ಆಮಿಷದಿಂದ ಕಾಯುವುದು ಸರ್ಕಾರದ ಕರ್ತವ್ಯ. ಆಮೇಲೆ ಸೇರಿಸಿದ ಸೆಕ್ಷನ್ 18ಎ ಪ್ರಕಾರ ಎಫ್‌ಐಆರ್ ಹಾಕಲು ಮೊದಲೊಂದು ವಿಚಾರಣೆ ನಡೆಸಬೇಕಾಗಿಲ್ಲ. ಹೀಗಿರುವಾಗ ಠಾಣೆಯ ಅಂಗಳದಲ್ಲಿ ಹಿರಿಯರಿಗೆ ಕುರ್ಚಿ ಹಾಕಿಸಿ ‘ಮಾತಾಡಿ ಬಗೆಹರಿಸ್ಕೊಳ್ಳಿ’ ಎನ್ನುವ ಅಧಿಕಾರಿ ಏನು ಮಾಡುತ್ತಿದ್ದಾನೆ? ಹೆದರಿಸುವವನಿಗೆ ಸರ್ಕಾರದ ನೆರಳು ಕೊಡುತ್ತಿದ್ದಾನೆ. ಕರ್ತವ್ಯವನ್ನು ಬೇಕೆಂದೇ ಮರೆತ ಸರ್ಕಾರಿ ನೌಕರನಿಗೆ ಆರು ತಿಂಗಳಿಂದ ಒಂದು ವರ್ಷದವರೆಗೆ ಜೈಲು ಎಂದು ಅದೇ ಕಾಯ್ದೆಯ ಸೆಕ್ಷನ್ 4 ಹೇಳುತ್ತದೆ.

ಬಾಯಿ ಮುಚ್ಚಿಸುವುದರ ಕೊನೆ ಎಲ್ಲಿಗೆ ಮುಟ್ಟುತ್ತದೆ ಎಂದು ಕಂಬಾಲಪಲ್ಲಿ ತೋರಿಸಿದೆ. 2000ದ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಆ ಊರಲ್ಲಿ ಏಳು ಮಂದಿ ದಲಿತರನ್ನು ಸುಟ್ಟರು. ಸಾಕ್ಷಿಗಳು ನ್ಯಾಯಾಲಯದಲ್ಲಿ ಮಾತು ತಿರುಗಿಸಿದರು. 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು, 2014ರಲ್ಲಿ ಹೈಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಏಳು ಹೆಣ ಬಿದ್ದಿವೆ, ಕೊಂದವರು ಯಾರೂ ಇಲ್ಲ! ಆದರೆ ಕೊಪ್ಪಳ ಜಿಲ್ಲೆಯ ಮರಕುಂಬಿಯಲ್ಲಿ 2014ರಲ್ಲಿ ದಲಿತರ ಮೇಲೆ ನಡೆದ ದಾಳಿಗೆ 2024ರ ಅಕ್ಟೋಬರ್‌ನಲ್ಲಿ ಅಲ್ಲಿನ ನ್ಯಾಯಾಲಯ 98 ಮಂದಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಹತ್ತು ವರ್ಷ ಪಟ್ಟು ಬಿಡದೆ ನಿಂತಿದ್ದಕ್ಕೆ ಆ ದಿನ ಬಂತು.

ನಮ್ಮ ನೆಲ ತಲೆಬಾಗುವ ನೆಲವೂ ಅಲ್ಲ. ಮೈಸೂರು ದೊರೆಯ ವಿರುದ್ಧ ಎದ್ದ 1830ರ ನಗರ ದಂಗೆಯಲ್ಲಿ ತರೀಕೆರೆಯ ಪಾಳೇಗಾರರೂ ಸಿಡಿದೆದ್ದಿದ್ದರು. ಅದು ದೊರೆತನದ ಜಗಳ, ಬಿಡಿ. ನನಗೆ ಅದಕ್ಕಿಂತ ದೊಡ್ಡದು ಪಕ್ಕದ ಭದ್ರಾವತಿ. ಅಲ್ಲಿ ಕಾಲೇಜು ಮೇಷ್ಟರಾಗಿದ್ದ ಬಿ. ಕೃಷ್ಣಪ್ಪನವರು 1970ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ಕಟ್ಟಿದರು. ಗೌಡರ ಮನೆ ಮುಂದೆ ಚಪ್ಪಲಿ ಕಳಚಿ ನಡೆಯುತ್ತಿದ್ದವರ ಮಕ್ಕಳು ಹಲಗೆ ಬಡಿಯುತ್ತ ತಾಲ್ಲೂಕು ಕಚೇರಿಗೆ ನಡೆದು ಬಂದರು. ಹಲಗೆ ಹಿಡಿದವರಿಗೂ ಭಯವಿತ್ತು. ಒಬ್ಬೊಬ್ಬರೇ ಇದ್ದಾಗ ಇದ್ದ ಭಯ, ನೂರು ಜನ ಜೊತೆಗೆ ನಡೆದಾಗ ಎದುರಿನವರಿಗೆ ದಾಟಿತು.

ಕಡೂರಿನಲ್ಲಾಗಲಿ, ತರೀಕೆರೆಯಲ್ಲಾಗಲಿ, ಅಜ್ಜಂಪುರದಲ್ಲಾಗಲಿ ಇದನ್ನು ಓದುತ್ತಿರುವವರೇ, ನಿಮ್ಮೂರಲ್ಲಿ ನಾಳೆ ಶಾಂತಿ ಸಭೆಗೆ ಕರೆ ಬಂದರೆ ಹೋಗಬೇಡಿ. ಹೊಡೆಸಿಕೊಂಡವನ ಜೊತೆ ಠಾಣೆಗೆ ಹೋಗಿ, ಎಫ್‌ಐಆರ್ ಪ್ರತಿ ಕೈಗೆ ಬರುವ ತನಕ ಅಲ್ಲೇ ನಿಲ್ಲಿ. ಕೇಸು ನಡೆಯುವಾಗ ಸಾಕ್ಷಿ ಕಟಕಟೆ ಹತ್ತಿ, ಕಂಡದ್ದನ್ನು ಕಂಡ ಹಾಗೆ ಹೇಳಿ.