ಹಿತ್ತಿಲಲ್ಲೊಂದು ಬಿಳಿಯಾನೆ

ಅಮೆರಿಕಕ್ಕೆ ಹೋಗಿ ಬಂದವರನ್ನು ನಮ್ಮೂರಿನವರು ಕೇಳುವ ಪ್ರಶ್ನೆಗಳಿಗೆ ಒಂದು ಕ್ರಮವಿದೆ. ಮೊದಲು ಚಳಿ, ಆಮೇಲೆ ಊಟ, ಕೊನೆಗೆ "ಮಗಳ ಮನೆಯಲ್ಲಿ ಈಜುಕೊಳ ಇದೆಯಂತಲ್ಲ!" ಇದೆ ತಾಯಿ, ಇದೆ. ಅದರ ಮೇಲೆ ದೂರು ಹೇಳಲೆಂದೇ ಇದನ್ನು ಬರೆಯಲು ಕೂತಿದ್ದೇನೆ.

2024ರ ಮಾರ್ಚ್‌ನಲ್ಲಿ ಬೆಂಗಳೂರಿನ ನೀರಿನ ಬವಣೆ ನಿಮಗೆ ನೆನಪಿರಬಹುದು. ಕುಡಿಯುವ ನೀರನ್ನು ಕಾರು ತೊಳೆಯಲು, ಈಜುಕೊಳಕ್ಕೆ ಬಳಸಿದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಸಾರಿತ್ತು. ಅಲ್ಲಿ ತಂಗಿಯ ಮನೆಯಲ್ಲಿ ಟ್ಯಾಂಕರಿಗೆ ಕಾದು ಕೂತಿದ್ದ ನಾನು ಮೇ ಕೊನೆಗೆ ಒಹಾಯೋದಲ್ಲಿ ಮಗಳ ಮನೆಯ ಹಿತ್ತಿಲಲ್ಲಿ ನಿಂತಿದ್ದೆ. ಕಣ್ಣೆದುರು ಸುಮಾರು 45,000 ಲೀಟರ್ ನೀರು. ನಮ್ಮ ಲೆಕ್ಕದಲ್ಲಿ ಏಳೆಂಟು ಟ್ಯಾಂಕರ್!

ನೆಲ ಅಗೆದು ಕಟ್ಟಿಸಿದ ಕೊಳವಲ್ಲ ಅದು. ನೆಲದ ಮೇಲೆ ತಗಡಿನ ಗೋಡೆಯನ್ನು ದುಂಡಗೆ ಸುತ್ತಿ, ಒಳಗೆ ಪ್ಲಾಸ್ಟಿಕ್ ಹಾಳೆ ಹಾಸಿ ನಿಲ್ಲಿಸುವಂಥದ್ದು. 24 ಅಡಿ ಅಗಲ, 4 ಅಡಿ ಎತ್ತರ. "ಕಟ್ಟಿಸೋದಕ್ಕಿಂತ ಎಷ್ಟೋ ಅಗ್ಗ ಅತ್ತೆ" ಎಂದರು ಅಳಿಯ.

ಅಗ್ಗವೆಂದರೇನು? ಅಂಗಡಿಯವನ ಚೀಟಿಯಲ್ಲಿ ಬರೆದಷ್ಟೇ ಬೆಲೆಯೇ? ಆ ನೀರಿನ ತೂಕ 45 ಟನ್. ನೆಲ ಸ್ವಲ್ಪ ಓರೆಯಾದರೂ ಭಾರವೆಲ್ಲ ಒಂದೇ ಕಡೆಯ ಗೋಡೆಗೆ. ಹಾಗಾಗಿ ಮೊದಲು ನೆಲ ಸಮ ಮಾಡಿಸಿ ಮರಳು ಹಾಸಬೇಕು. ಆಮೇಲೆ ದಿನಕ್ಕೆ ಏಳೆಂಟು ಗಂಟೆ ಪಂಪು ಓಡಬೇಕು. ಅದರ ಕರೆಂಟಿನ ಬಿಲ್ಲು ಬೇರೆ. ಬಿಸಿಲಿಗೆ ಕ್ಲೋರಿನ್ ಆರುತ್ತದೆ, ಮಳೆ ಬಂದರೆ ನೀರಿನ ಹದ ಕೆಡುತ್ತದೆ. ಆಮ್ಲ-ಕ್ಷಾರದ ಅಳತೆ 7ಕ್ಕಿಂತ ಇಳಿಯಬಾರದು, 7.8 ದಾಟಬಾರದು. ಸೆಕೆಗಾಲದಲ್ಲಿ ಕೆಲವು ದಿನ ಮರೆತಿರೋ, ನೀರೆಲ್ಲ ಪಾಚಿಯ ಹಸಿರು. ಡಬ್ಬಿಗಟ್ಟಲೆ ರಾಸಾಯನಿಕ ತಂದು ಮಕ್ಕಳ ಕೈಗೆ ಸಿಗದಂತೆ ಬೀಗ ಹಾಕಿ ಇಡಬೇಕು. ಕ್ಲೋರಿನ್ ಪುಡಿಗೆ ಆಮ್ಲ ತಾಗಿದರೆ ವಿಷಗಾಳಿ ಏಳುತ್ತದೆ.

ಇದನ್ನೆಲ್ಲ ಮಾಡುವವರು ಯಾರು? ನನ್ನ ಮಗಳು. ಬಾಣಂತಿ ಕೂಸಿನ ಮೈ ಮುಟ್ಟಿ ಜ್ವರ ನೋಡಿದ ಹಾಗೆ, ಆಫೀಸಿನಿಂದ ಬಂದವಳೇ ಕಾಗದದ ಪಟ್ಟಿ ಅದ್ದಿ ನೀರಿನ ಹದ ನೋಡುತ್ತಾಳೆ. ಬಲೆ ಹಿಡಿದು ಎಲೆ, ಹುಳ ಎತ್ತುತ್ತಾಳೆ. ವಾರದ ಕೊನೆಗೆ ಗೆಳೆಯರ ದಂಡು ಬಂದರೆ ನಾವಿಬ್ಬರೂ ಬಜ್ಜಿ ಕರಿಯುವುದು, ಒದ್ದೆ ಟವೆಲ್ ಒಗೆಯುವುದು. ಕೊಂಡವರು ಅಳಿಯ, ಈಜಿದವರು ನೆಂಟರಿಷ್ಟರು, ಸಾಕಿದವಳು ಇವಳು. "ಈ ಬೇಸಿಗೆಯಲ್ಲಿ ನೀನೆಷ್ಟು ಸಲ ಇಳಿದೆಯೇ?" ಎಂದು ಕೇಳಿದೆ. ಬೆರಳು ಮಡಿಸಿ ಎಣಿಸಿದಳು. "ನಾಲ್ಕು ಸಲ ಇರಬಹುದಮ್ಮಾ."

ಇಷ್ಟೇ ಆಗಿದ್ದರೆ ನಾನು ಬಾಯಿ ಮುಚ್ಚಿಕೊಂಡಿರುತ್ತಿದ್ದೆನೋ ಏನೋ. ಒಂದು ಶನಿವಾರ ಸಂಜೆ ಬಂದವರೆಲ್ಲ ಹೋದ ಮೇಲೆ ಟವೆಲ್ ಹರವಲೆಂದು ಹಿತ್ತಿಲಿಗೆ ಹೋದೆ. ಕೊಳದ ಏಣಿ ಹಾಗೇ ಇತ್ತು. ಮೂರು ವರ್ಷದ ಮೊಮ್ಮಗ ಮೂರನೆಯ ಮೆಟ್ಟಿಲಲ್ಲಿದ್ದ. ಕೂಗಿದರೆ ಬೆಚ್ಚಿ ಬಿದ್ದಾನೆಂದು ಉಸಿರು ಬಿಗಿಹಿಡಿದು ಹೋಗಿ ಹಿಂದಿನಿಂದ ಎತ್ತಿಕೊಂಡೆ. ಆ ದೇಶದಲ್ಲಿ ಒಂದರಿಂದ ನಾಲ್ಕು ವರ್ಷದ ಮಕ್ಕಳ ಸಾವಿಗೆ ಮೊದಲ ಕಾರಣ ನೀರಿನಲ್ಲಿ ಮುಳುಗುವುದು. ಮುಳುಗುವ ಮಗು ಕೂಗಿ ಕರೆಯುವುದೂ ಇಲ್ಲ.

ರಾತ್ರಿ ಅಳಿಯಂದಿರು ಮಗಳನ್ನು ಕೇಳಿದರು: "ಏಣಿ ಎತ್ತಿಡೋದನ್ನ ನೀನು ನೋಡ್ಕೋಬಾರದಿತ್ತಾ?"

ಅವರು ಕೆಟ್ಟವರಲ್ಲ. ಆದರೆ ಅದೇ ಮಾತು ನನ್ನನ್ನು ಇವತ್ತಿಗೂ ಚುಚ್ಚುತ್ತಿರುವುದು. ಸಂತೋಷ ಎಲ್ಲರದು, ಎಚ್ಚರ ಮಾತ್ರ ಒಬ್ಬಳದು. ಈ ಬೆಲೆಯನ್ನು ಯಾವ ಅಂಗಡಿಯ ಚೀಟಿಯಲ್ಲಿ ಬರೆದಿದ್ದಾರೆ?

ಮಕ್ಕಳು ಈಜು ಕಲಿಯಬೇಡವೇ ಎನ್ನುತ್ತೀರಿ. ಕಲಿಯಲಿ, ಖಂಡಿತ ಕಲಿಯಲಿ. ಅಲ್ಲಿ ಎಷ್ಟೋ ಊರುಗಳಲ್ಲಿ ಕಾವಲಿಗೆ ಜನರಿರುವ ಸಾರ್ವಜನಿಕ ಕೊಳಗಳಿವೆ. ಟಿಕೇಟು ಕೊಂಡು ಹೋಗಿ ಈಜಿ ಬರಬಹುದು. ಹಿತ್ತಿಲಿನದಾದರೋ ಸೆಪ್ಟೆಂಬರಿಗೆ ಮುಗಿಯಿತು. ನೀರು ತಗ್ಗಿಸಿ, ಕೊಳವೆ ಬರಿದು ಮಾಡಿ, ಹೊದಿಕೆ ಹೊದಿಸಬೇಕು. ಮೂರು ತಿಂಗಳ ಈಜಿಗೆ ಒಂಬತ್ತು ತಿಂಗಳ ಕಾವಲು!

ನಮ್ಮಲ್ಲೂ ತೋಟದ ಮನೆಗೊಂದು ಕೊಳವಿರಲೆಂಬ ಆಸೆ ಶುರುವಾಗಿದೆ. ಕೊಳವೇ ಆಗಬೇಕಿಲ್ಲ, ಮೀನಿನ ತೊಟ್ಟಿಯಾಗಲಿ, ನಾಯಿಮರಿಯಾಗಲಿ, ಮನೆಗೆ ಬರುವ ಮೊದಲು ಬೆಲೆ ಎಷ್ಟೆಂದು ಕೇಳಬೇಡಿ. ದಿನಾ ನೋಡಿಕೊಳ್ಳುವವರು ಯಾರೆಂದು ಕೇಳಿ. ಉತ್ತರದಲ್ಲಿ ನಿಮ್ಮ ಹೆಸರು ಬಂದರೆ ನಿಮ್ಮ ಹೊತ್ತನ್ನೂ ಲೆಕ್ಕಕ್ಕೆ ಸೇರಿಸಿ ಆಮೇಲೆ ಹೂಂ ಅನ್ನಿ.

ಮೊನ್ನೆ ಮಗಳು ಫೋನು ಮಾಡಿದ್ದಳು. ಪ್ಲಾಸ್ಟಿಕ್ ಹಾಳೆ ಹರಿದಿದೆಯಂತೆ, ಹೊಸದು ಹಾಕಿಸಬೇಕಂತೆ. "ಅದನ್ನು ಯಾರು ನೋಡಿಕೊಳ್ಳುತ್ತಾರೆ?" ಎಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಈ ಸಲ ಅವರನ್ನೇ ಕೇಳ್ತೀನಮ್ಮಾ" ಎಂದಳು.